ಚಿಕ್ಕ ಕಾಲೇಜು, ದೊಡ್ಡ ಸಂಸ್ಕಾರ: ಎಡ್ಡಿ ರಾಬಿನ್ಸನ್ ತಂಡ ಕಟ್ಟಿದ ಬಗೆ

ಮಕ್ಕಳನ್ನು ಆಟದ ತಂಡಕ್ಕೆ ಕಳುಹಿಸುವಾಗ ಪೋಷಕರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಆಟದಿಂದ ಓದಿಗೆ ಹಾನಿಯಾಗುವುದಿಲ್ಲವೇ? ಹತ್ತನೆಯ ತರಗತಿ ಮುಗಿದ ಮೇಲೆ ಈ ಆಟ ಯಾವ ಪ್ರಯೋಜನಕ್ಕೆ ಬಂದೀತು? ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಕುಟುಂಬಗಳಿಗೆ ಇನ್ನೊಂದು ಪ್ರಶ್ನೆಯೂ ಉಂಟು. ದೊಡ್ಡ ಹೆಸರಾಗಲಿ ವಿಶಾಲವಾದ ಮೈದಾನವಾಗಲಿ ಇಲ್ಲದ ನಮ್ಮ ಶಾಲೆಯಿಂದ ಮಗುವಿಗೆ ದೊರೆಯಬಹುದಾದುದು ಏನು? ಈ ಮೂರು ಪ್ರಶ್ನೆಗಳಿಗೂ ಬದುಕಿನುದ್ದಕ್ಕೂ ಮುಖಾಮುಖಿಯಾಗಿ ನಿಂತ ಅಮೆರಿಕದ ಒಬ್ಬ ಕಾಲೇಜು ಫುಟ್ಬಾಲ್ ತರಬೇತುದಾರರನ್ನು ಈ ಲೇಖನದಲ್ಲಿ ಪರಿಚಯಿಸುತ್ತಿದ್ದೇವೆ. ಅವರು ಎಡ್ಡಿ ರಾಬಿನ್ಸನ್.

ಇಲ್ಲಿ ಫುಟ್ಬಾಲ್ ಎಂದರೆ ನಮ್ಮ ಮಕ್ಕಳು ಕಾಲಿನಿಂದ ಒದ್ದು ಆಡುವ ಆಟವಲ್ಲ. ಅಮೆರಿಕದ ಫುಟ್ಬಾಲ್‌ನಲ್ಲಿ ಎರಡೂ ತುದಿ ಚೂಪಾದ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಒಂದು ಪಕ್ಷದಲ್ಲಿ ಹನ್ನೊಂದು ಮಂದಿ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ರಕ್ಷಾಕವಚ ತೊಟ್ಟು ಅವರು ಒಬ್ಬರ ಮೇಲೊಬ್ಬರು ಬಿದ್ದು ತಡೆಯುತ್ತಾರೆ. ಪ್ರತಿಯೊಂದು ನಡೆಯನ್ನೂ ಮೊದಲೇ ಯೋಜಿಸಲಾಗುತ್ತದೆ. ಅದನ್ನು ಮೈದಾನದಲ್ಲಿ ನಡೆಸುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಹನ್ನೊಂದರಲ್ಲಿ ಒಬ್ಬನು ತನ್ನ ಕೆಲಸ ಮರೆತರೂ ಉಳಿದವರ ಶ್ರಮ ವ್ಯರ್ಥವಾಗುವುದರಿಂದ ಪರಸ್ಪರ ನಂಬಿಕೆಯೇ ಈ ಆಟದ ಬುನಾದಿ. ಆ ದೇಶದಲ್ಲಿ ಕಾಲೇಜು ತಂಡಗಳ ಪಂದ್ಯಗಳಿಗೆ ಊರಿಗೆ ಊರೇ ನೆರೆಯುತ್ತದೆ. ಆದುದರಿಂದ ತರಬೇತುದಾರನಿಗೆ ಅಲ್ಲಿನ ಸಮಾಜದಲ್ಲಿ ದೊಡ್ಡ ಸ್ಥಾನವಿದೆ.

ರೈತರು ಕಟ್ಟಿದ ವಿದ್ಯಾಸಂಸ್ಥೆ

ಲೂಯಿಸಿಯಾನ ರಾಜ್ಯದ ಉತ್ತರ ಭಾಗದಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಚಿಕ್ಕ ಊರಿದೆ. ಗುಲಾಮಗಿರಿ ಕೊನೆಗೊಂಡ ಮೇಲೂ ಅಲ್ಲಿ ಕಪ್ಪು ಜನಾಂಗದವರ ಮಕ್ಕಳಿಗೆ ಬಿಳಿಯರ ಶಾಲೆಗಳ ಬಾಗಿಲು ಮುಚ್ಚಿತ್ತು. ಆಗ ಆ ಸೀಮೆಯ ಕಪ್ಪು ರೈತರು ಸಂಘ ಕಟ್ಟಿಕೊಂಡು ತಮ್ಮ ಮಕ್ಕಳಿಗಾಗಿ ತಾವೇ ಒಂದು ಶಾಲೆ ತೆರೆಯಲು ನಿಶ್ಚಯಿಸಿದರು. ಟಸ್ಕೆಗೀ ಸಂಸ್ಥೆಯ ಬೂಕರ್ ಟಿ. ವಾಷಿಂಗ್ಟನ್ ಅವರಲ್ಲಿ ಸಹಾಯ ಯಾಚಿಸಿದಾಗ ಅವರು ಚಾರ್ಲ್ಸ್ ಪಿ. ಆಡಮ್ಸ್ ಎಂಬವರನ್ನು ಕಳುಹಿಸಿಕೊಟ್ಟರು. 1901ರಲ್ಲಿ ಶಾಲೆ ಆರಂಭವಾಯಿತು. ಅದು ಕ್ರಮೇಣ ಕಾಲೇಜಾಗಿ ಬೆಳೆದು ಇಂದು ಗ್ರ್ಯಾಂಬ್ಲಿಂಗ್ ಸ್ಟೇಟ್ ವಿಶ್ವವಿದ್ಯಾನಿಲಯವಾಗಿದೆ.

1941ರಲ್ಲಿ ಈ ಸಂಸ್ಥೆಗೆ ತರಬೇತುದಾರರಾಗಿ ಬಂದಾಗ ರಾಬಿನ್ಸನ್ ಅವರಿಗೆ 22 ವರ್ಷ. ತಂದೆ ಪಾಲಿಗೆ ಬೇಸಾಯ ಮಾಡಿದವರು, ತಾಯಿ ಅನ್ಯರ ಮನೆಗೆಲಸ ಮಾಡಿದವರು. ಪದವಿ ಪಡೆದ ಮೇಲೂ ರಾಬಿನ್ಸನ್ ಅವರು ಬ್ಯಾಟನ್ ರೂಜ್ ನಗರದ ಪಶು ಆಹಾರದ ಗಿರಣಿಯೊಂದರಲ್ಲಿ ಗಂಟೆಗೆ 25 ಸೆಂಟ್ ಕೂಲಿಗೆ ದುಡಿಯುತ್ತಿದ್ದರು. ಕಾಲೇಜು ನೀಡಿದ ಸಂಬಳ ತಿಂಗಳಿಗೆ 63 ಡಾಲರ್ 75 ಸೆಂಟ್. ಸಹಾಯಕರು ಇರಲಿಲ್ಲ. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಉಳುಕಿದ ಕಾಲಿಗೆ ಪಟ್ಟಿ ಸುತ್ತುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳುಹಿಸುವುದು ಎಲ್ಲವೂ ಅವರ ಪಾಲಿಗೆ ಬಂದ ಕೆಲಸಗಳು. ಮೊದಲ ವರ್ಷ ತಂಡ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಮರುವರ್ಷ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದಿತು. ಆ ಒಂಬತ್ತು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ಮುಂಜಾನೆಯ ಗಂಟೆ

ರಾಬಿನ್ಸನ್ ಅವರು ತಂಡದಲ್ಲಿ ಬೆಳೆಸಿದ ನಡತೆಯ ಮೂಲ ಹುಡುಕಬೇಕಾದರೆ ಮೈದಾನಕ್ಕಿಂತ ಮೊದಲು ವಿದ್ಯಾರ್ಥಿನಿಲಯಕ್ಕೆ ಹೋಗಬೇಕು. ಹಸುವಿನ ಕೊರಳಿಗೆ ಕಟ್ಟುವಂತಹ ಗಂಟೆಯೊಂದನ್ನು ಹಿಡಿದು ಅವರು ಮುಂಜಾನೆ ನಿಲಯದ ಪಡಸಾಲೆಯಲ್ಲಿ ನಡೆಯುತ್ತಿದ್ದರು. ಆಟಗಾರರು ಎದ್ದು ಉಪಾಹಾರ ಮಾಡಿ ತರಗತಿಗೆ ಹೋಗಲೇಬೇಕು. ನಿನ್ನೆ ಗೆದ್ದೆವೆಂದು ಇಂದು ಮಲಗಿರುವ ಅವಕಾಶ ಯಾರಿಗೂ ಇರಲಿಲ್ಲ. ಗಂಟೆ ಬಾರಿಸುವ ಕೆಲಸಕ್ಕೆ ಆಳೊಬ್ಬನನ್ನು ನೇಮಿಸಬಹುದಿತ್ತು. ಆದರೆ ಗಂಟೆಯೊಂದಿಗೆ ಬರುವವರು ತಮ್ಮ ಗುರುಗಳೇ ಎಂದು ತಿಳಿದಾಗ ಹುಡುಗರಿಗೆ ಅದರ ಅರ್ಥ ಬೇರೆಯಾಗುತ್ತದೆ. ಶಿಸ್ತನ್ನು ಬೋಧಿಸುವವರು ಮೊದಲು ತಾವೇ ಎದ್ದಿರಬೇಕೆಂಬ ಪಾಠಕ್ಕೆ ಬೇರೆ ಉಪನ್ಯಾಸ ಬೇಕಾಗಲಿಲ್ಲ.

ಊಟದ ಮೇಜಿನಲ್ಲಿ ಕುಳಿತುಕೊಳ್ಳುವ ರೀತಿ, ಪ್ರಯಾಣದಲ್ಲಿ ತೊಡುವ ಉಡುಪು, ಪತ್ರಕರ್ತರು ಪ್ರಶ್ನಿಸಿದಾಗ ಮಾತನಾಡುವ ಕ್ರಮ ಇವೆಲ್ಲವನ್ನೂ ಅವರು ಕಲಿಸುತ್ತಿದ್ದರು. ಹತ್ತಿ ಹೊಲಗಳಿಂದ ಬಂದ ಹುಡುಗರು ನಾಳೆ ಯಾವ ಸಭೆಗೆ ಹೋದರೂ ತಲೆ ತಗ್ಗಿಸಬಾರದೆಂಬುದು ಅವರ ಆಶಯ. ಮಗಳನ್ನು ಕೊಟ್ಟು ಮದುವೆ ಮಾಡಲು ಯೋಗ್ಯನಾದ ಹುಡುಗನನ್ನು ಹೇಗೆ ಬೆಳೆಸುತ್ತೇವೆಯೋ ಹಾಗೆಯೇ ಪ್ರತಿಯೊಬ್ಬ ಆಟಗಾರನನ್ನೂ ಬೆಳೆಸಬೇಕೆಂದು ಅವರು ಹೇಳುತ್ತಿದ್ದರು. ಕನ್ನಡದ ಮನೆಗಳಿಗೆ ಈ ಅಳತೆಗೋಲನ್ನು ವಿವರಿಸುವ ಅಗತ್ಯವಿಲ್ಲ.

ಮೈದಾನದಲ್ಲಿಯೂ ಇದೇ ಕ್ರಮ. ಒಂದು ನಡೆ ತಪ್ಪಿದರೆ ಅದನ್ನು ಸರಿಯಾಗುವ ತನಕ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಹೊಸ ಹೊಸ ತಂತ್ರಗಳನ್ನು ರಾಶಿ ಹಾಕುವುದಕ್ಕಿಂತ ಕೆಲವನ್ನು ಲೋಪವಿಲ್ಲದಂತೆ ಕಲಿಯುವುದೇ ಲೇಸೆಂದು ಅವರು ನಂಬಿದ್ದರು.

ಹತ್ತಿ ಹೊಲದಲ್ಲಿ ಇಡೀ ತಂಡ

ಎರಡನೆಯ ಮಹಾಯುದ್ಧದ ಕಾರಣ 1943 ಮತ್ತು 1944ರಲ್ಲಿ ಕಾಲೇಜು ತಂಡ ಆಡಲಿಲ್ಲ. ಆಗ ರಾಬಿನ್ಸನ್ ಅವರು ಅದೇ ಊರಿನ ಪ್ರೌಢಶಾಲೆಯ ತಂಡಕ್ಕೆ ತರಬೇತಿ ನೀಡಿದರು. ಆ ಕಾಲದ ಘಟನೆಯೊಂದನ್ನು ಇಂದಿಗೂ ಹೇಳುತ್ತಾರೆ. ತಂಡದ ಒಳ್ಳೆಯ ಆಟಗಾರರನ್ನು ಅವರ ತಂದೆ ಹತ್ತಿ ಬಿಡಿಸುವುದಕ್ಕೆಂದು ಮನೆಯಲ್ಲಿ ನಿಲ್ಲಿಸಿಕೊಂಡರು. ಬೆಳೆ ಕೈಗೆ ಬರುವ ಹೊತ್ತಿನಲ್ಲಿ ಬಡ ರೈತನೊಬ್ಬನು ಮಕ್ಕಳನ್ನು ಆಟಕ್ಕೆ ಬಿಡುವುದು ಹೇಗೆ? ರಾಬಿನ್ಸನ್ ಅವರು ತಂದೆಯನ್ನು ದೂಷಿಸಲಿಲ್ಲ, ಆಟಗಾರರ ಹೆಸರನ್ನು ಹೊಡೆದುಹಾಕಲೂ ಇಲ್ಲ. ಇಡೀ ತಂಡವನ್ನು ಕರೆದುಕೊಂಡು ಹೊಲಕ್ಕೆ ಹೋದರು. ಎಲ್ಲರೂ ಸೇರಿ ಹತ್ತಿ ಬಿಡಿಸಿದರು. ಕೆಲಸ ಮುಗಿಯಿತು, ಹುಡುಗರು ತಂಡಕ್ಕೆ ಮರಳಿದರು.

ಈ ಪ್ರಸಂಗದಲ್ಲಿ ಆ ತಂಡದ ಸಂಸ್ಕಾರವೆಲ್ಲ ಅಡಗಿದೆ ಎಂದು ನಾವು ಭಾವಿಸುತ್ತೇವೆ. ಒಬ್ಬನ ಮನೆಯ ಕಷ್ಟ ಉಳಿದವರಿಗೂ ತಿಳಿಯಿತು. ತಂಡವೆಂದರೆ ಸಮವಸ್ತ್ರ ಮಾತ್ರವಲ್ಲವೆಂದು ಹುಡುಗರಿಗೆ ಅರಿವಾಯಿತು. ಶಾಲೆ ತನ್ನ ಶತ್ರುವಲ್ಲವೆಂದು ತಂದೆಗೂ ಮನವರಿಕೆಯಾಯಿತು.

ಪ್ರತ್ಯೇಕತೆಯ ಕಾನೂನುಗಳಿದ್ದ ದಿನಗಳಲ್ಲಿ ದೂರದ ಪಂದ್ಯಗಳಿಗೆ ಹೋಗುವಾಗ ದಾರಿಯ ಹೋಟೆಲುಗಳಲ್ಲಿ ಕಪ್ಪು ಆಟಗಾರರಿಗೆ ಊಟ ಸಿಗುತ್ತಿರಲಿಲ್ಲ. ಆದುದರಿಂದ ರಾಬಿನ್ಸನ್ ಅವರೇ ಸ್ಯಾಂಡ್‌ವಿಚ್ ಬುತ್ತಿ ಸಿದ್ಧಪಡಿಸುತ್ತಿದ್ದರು. ಅವಮಾನವನ್ನು ತಡೆಯುವುದು ಅವರೊಬ್ಬರಿಂದ ಆಗುತ್ತಿರಲಿಲ್ಲ. ಹಸಿವನ್ನು ತಡೆಯುವುದು ಸಾಧ್ಯವಿತ್ತು.

ಹಿಂದೆ ಬರುವವರ ಹೊಣೆ

1949ರಲ್ಲಿ ಪಾಲ್ ಟ್ಯಾಂಕ್ ಯಂಗರ್ ಎಂಬ ಗ್ರ್ಯಾಂಬ್ಲಿಂಗ್‌ನ ಆಟಗಾರನು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದನು. ಕಪ್ಪು ಜನಾಂಗದವರ ಕಾಲೇಜಿನಿಂದ ರಾಷ್ಟ್ರೀಯ ವೃತ್ತಿಪರ ಲೀಗಿಗೆ ಹೋದವರಲ್ಲಿ ಅವನೇ ಮೊದಲಿಗ. ನೀನು ಸೋತರೆ ಇಂತಹ ಕಾಲೇಜುಗಳ ಅತ್ಯುತ್ತಮ ಆಟಗಾರನಿಗೂ ಸಾಮರ್ಥ್ಯವಿಲ್ಲವೆಂದು ಹೇಳಿಬಿಡುತ್ತಾರೆ ಎಂದು ರಾಬಿನ್ಸನ್ ಅವರು ಅವನನ್ನು ಎಚ್ಚರಿಸಿ ಕಳುಹಿಸಿದರು. ಮುಂದೆ ಅವರ 200ಕ್ಕೂ ಹೆಚ್ಚು ಶಿಷ್ಯರು ವೃತ್ತಿಪರ ಆಟಗಾರರಾದರು.

ಆ ಕಾಲದಲ್ಲಿ ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬೇಕಾದ ಬುದ್ಧಿ ಕಪ್ಪು ಜನಾಂಗದವರಿಗಿಲ್ಲವೆಂಬ ಪೂರ್ವಗ್ರಹವಿತ್ತು. ರಾಬಿನ್ಸನ್ ಅವರು ಜೇಮ್ಸ್ ಹ್ಯಾರಿಸ್ ಎಂಬ ಶಿಷ್ಯನನ್ನು ಅದೇ ಸ್ಥಾನಕ್ಕೆ ಸಿದ್ಧಗೊಳಿಸಿದರು. 1969ರಲ್ಲಿ ಹ್ಯಾರಿಸ್ ಬಫಲೋ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಋತುವಿನ ಮೊದಲ ಪಂದ್ಯವನ್ನು ಆಡಿದನು. 1988ರ ಜನವರಿಯಲ್ಲಿ ಇನ್ನೊಬ್ಬ ಶಿಷ್ಯ ಡಗ್ ವಿಲಿಯಮ್ಸ್ ವಾಷಿಂಗ್ಟನ್ ತಂಡವನ್ನು ಮುನ್ನಡೆಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದನು. 10 ಅಂಕಗಳ ಹಿನ್ನಡೆಯಿಂದ ಎದ್ದ ಆ ತಂಡ 42–10ರಿಂದ ಜಯಿಸಿತು. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ವಿಲಿಯಮ್ಸ್. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವವೂ ಅವನಿಗೇ ಸಂದಿತು.

ಓದು, ಆಟ ಮತ್ತು ತೆರೆದ ಬಾಗಿಲು

ಗ್ರ್ಯಾಂಬ್ಲಿಂಗ್‌ನಲ್ಲಿ ಎಲ್ಲವೂ ಸುಗಮವಾಗಿತ್ತೆಂದು ನಾವು ಹೇಳುವುದಿಲ್ಲ. 1967ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಪ್ರತಿಭಟನೆಗಿಳಿದರು. ಕಾಲೇಜು ಆಟಕ್ಕೆ ಕೊಡುವ ಮಹತ್ವವನ್ನು ಓದಿಗೆ ಕೊಡುತ್ತಿಲ್ಲವೆಂಬುದು ಅವರ ಆಕ್ಷೇಪ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತರಬೇತುದಾರನು ಎಷ್ಟೇ ನಿಷ್ಠನಾಗಿದ್ದರೂ ಪುಸ್ತಕಾಲಯದ, ಪ್ರಯೋಗಾಲಯದ ಕೊರತೆಯನ್ನು ಅವನೊಬ್ಬನು ತುಂಬಲಾರ. ಆಟದ ಕೀರ್ತಿ ಓದಿನ ಕೊರತೆಯನ್ನು ಮುಚ್ಚುವ ಹೊದಿಕೆಯಾಗಬಾರದು.

ಇನ್ನೊಂದು ಬದಲಾವಣೆ ಮತ್ತೂ ಆಳವಾದುದು. ಪ್ರತ್ಯೇಕತೆ ಕಾನೂನಿನಿಂದ ರದ್ದಾದ ಮೇಲೆ, 1970ರ ದಶಕದಲ್ಲಿ, ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳು ಕಪ್ಪು ಆಟಗಾರರನ್ನು ಕರೆಯತೊಡಗಿದವು. ಹಿಂದೆ ಗ್ರ್ಯಾಂಬ್ಲಿಂಗ್‌ಗೆ ಬರುತ್ತಿದ್ದ ಹುಡುಗರು ಅತ್ತ ಹೋದರು. ಬಾಗಿಲು ತೆರೆದುದು ನ್ಯಾಯವೇ, ಹೋದವರನ್ನು ದೂರುವಂತಿಲ್ಲ. ಆದರೂ ಚಿಕ್ಕ ಸಂಸ್ಥೆಗಳು ಬಡವಾದುದು ನಿಜ. ರಾಬಿನ್ಸನ್ ಅವರು ತಮ್ಮ ಹಳೆಯ ಕ್ರಮ ಬಿಡದೆ ದುಡಿದರು. 1985ರಲ್ಲಿ 324ನೆಯ ಗೆಲುವಿನೊಂದಿಗೆ ಬೇರ್ ಬ್ರಯಂಟ್ ಅವರ ದಾಖಲೆಯನ್ನು ಮೀರಿದರು. ಕೊನೆಯ ಎರಡು ಋತುಗಳಲ್ಲಿ ಸೋಲುಗಳೇ ಹೆಚ್ಚಾದವು. 1997ರಲ್ಲಿ ನಿವೃತ್ತರಾದಾಗ ಅವರ ಲೆಕ್ಕದಲ್ಲಿ 408 ಗೆಲುವು, 165 ಸೋಲು, 15 ಸಮಬಲದ ಪಂದ್ಯಗಳಿದ್ದವು. ಅವರ ಸ್ಥಾನಕ್ಕೆ ಬಂದವರು ಶಿಷ್ಯ ಡಗ್ ವಿಲಿಯಮ್ಸ್. 2007ರ ಏಪ್ರಿಲಿನಲ್ಲಿ ರಾಬಿನ್ಸನ್ ಅವರು ನಿಧನರಾದಾಗ ರಾಜ್ಯದ ಶಾಸನಸಭಾ ಭವನದಲ್ಲಿ ಅವರ ಪಾರ್ಥಿವ ಶರೀರವನ್ನು ದರ್ಶನಕ್ಕೆ ಇರಿಸಲಾಯಿತು.

ನಾವು ಗಮನಿಸಬೇಕಾದುದು

ಅಮೆರಿಕದ ಕಪ್ಪು ಜನಾಂಗದವರು ಅನುಭವಿಸಿದ ಕ್ರೌರ್ಯಕ್ಕೂ ಗಡಿಯಾಚೆಯ ಕನ್ನಡಿಗರ ಸ್ಥಿತಿಗೂ ಹೋಲಿಕೆ ಸಲ್ಲದು. ಆದರೆ ಚಿಕ್ಕ ಸಮುದಾಯವೊಂದು ತನ್ನ ಮಕ್ಕಳಿಗಾಗಿ ನಡೆಸುವ ವಿದ್ಯಾಸಂಸ್ಥೆಯ ಕಷ್ಟವನ್ನು ನಾವು ಬಲ್ಲೆವು. ಹೆಚ್ಚಿನ ಸೌಕರ್ಯವಿರುವ ಕಡೆಗೆ ಮಕ್ಕಳು ಹೊರಟಾಗ ಉಳಿದ ತರಗತಿ ಖಾಲಿಯಾಗುವ ನೋವೂ ನಮಗೆ ಹೊಸದಲ್ಲ. ಸೌಕರ್ಯದಲ್ಲಿ ದೊಡ್ಡ ಸಂಸ್ಥೆಗಳೊಡನೆ ಸ್ಪರ್ಧಿಸುವುದು ಗ್ರ್ಯಾಂಬ್ಲಿಂಗ್‌ಗೆ ಎಂದೂ ಸಾಧ್ಯವಿರಲಿಲ್ಲ. ಪ್ರತಿಯೊಬ್ಬ ಹುಡುಗನ ಹೆಸರು, ಅವನ ಮನೆಯ ಸ್ಥಿತಿ, ಅವನು ಇಂದು ತರಗತಿಗೆ ಹೋದನೋ ಇಲ್ಲವೋ ಎಂಬುದು ಗುರುವಿಗೆ ತಿಳಿದಿರುವುದೇ ಅದರ ಬಲವಾಗಿತ್ತು. ಚಿಕ್ಕ ಶಾಲೆಗೆ ಇದು ಸುಲಭವಾಗಿ ಎಟಕುವ ಬಲ.

ಆದುದರಿಂದ ಮಗುವನ್ನು ತಂಡಕ್ಕೆ ಸೇರಿಸುವಾಗ ಎಷ್ಟು ಪದಕ ಬಂದಿವೆ ಎಂಬುದರ ಜೊತೆಗೆ ಬೇರೆ ಕೆಲವನ್ನೂ ವಿಚಾರಿಸಬೇಕೆಂದು ಪೋಷಕರಲ್ಲಿ ನಮ್ಮ ವಿನಂತಿ. ಅಂಕ ಕಡಿಮೆಯಾದಾಗ ಕ್ರೀಡಾ ಶಿಕ್ಷಕರು ಗಮನಿಸುತ್ತಾರೆಯೇ? ಆಟದಲ್ಲಿ ಹಿಂದಿರುವ ಮಗುವಿಗೂ ಮೈದಾನದಲ್ಲಿ ಸ್ಥಾನವಿದೆಯೇ? ಸೋತ ಮಕ್ಕಳೊಡನೆ ಶಿಕ್ಷಕರು ಹೇಗೆ ಮಾತನಾಡುತ್ತಾರೆ? ಕೊಯ್ಲಿನ ದಿನಗಳಲ್ಲಿ, ಮನೆಯಲ್ಲಿ ಕಾಯಿಲೆಯಿದ್ದಾಗ ಅಭ್ಯಾಸಕ್ಕೆ ಬಾರದ ಹುಡುಗನ ಮನೆಗೆ ಯಾರಾದರೂ ಬಂದು ವಿಚಾರಿಸುತ್ತಾರೆಯೇ? ಇವಕ್ಕೆ ಒಳ್ಳೆಯ ಉತ್ತರ ದೊರೆತರೆ ಆ ತಂಡಕ್ಕೆ ಮಗುವನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಉತ್ತರ ದೊರೆಯದಿದ್ದರೆ ಶಾಲೆಯ ಪೋಷಕರ ಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತುವ ಹೊಣೆ ನಮ್ಮೆಲ್ಲರದು.