ವಾರಕ್ಕೊಂದು ಮಾತ್ರೆ, ವಾರಾಂತ್ಯದ ಮದ್ಯ: ಸಂಧಿವಾತದ ಒಂದು ಲೆಕ್ಕ

ರುಮಟಾಯ್ಡ್ ಸಂಧಿವಾತದಿಂದ ಬಳಲುತ್ತಿರುವ ನನ್ನ ಗೆಳೆಯರೊಬ್ಬರು ನನ್ನಂತೆಯೇ ಭೌತವಿಜ್ಞಾನದ ಅಧ್ಯಾಪಕರು. ವೈದ್ಯರ ಸಲಹೆಯಂತೆ ಪ್ರತಿ ಭಾನುವಾರ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಾರೆ. ಶನಿವಾರ ಸಂಜೆ ವಿಸ್ಕಿ ಕುಡಿಯುವ ರೂಢಿಯೂ ಉಂಟು. ಇದರಿಂದ ಅಪಾಯವಿಲ್ಲವೆ ಎಂದು ಕೇಳಿದಾಗ ಅವರು ಲೆಕ್ಕ ಒಪ್ಪಿಸಿದರು: "ರಕ್ತದಲ್ಲಿ ಈ ಔಷಧಿಯ ಅರ್ಧಾಯು ಸುಮಾರು 8 ಗಂಟೆ. ಭಾನುವಾರದಿಂದ ಶನಿವಾರಕ್ಕೆ 144 ಗಂಟೆ, ಅಂದರೆ 18 ಅರ್ಧಾಯುಗಳು. ಉಳಿಯುವುದು 2,62,144ರಲ್ಲಿ ಒಂದು ಪಾಲು. ಮಾತ್ರೆಗೂ ಮದ್ಯಕ್ಕೂ ಭೇಟಿಯೇ ಆಗುವುದಿಲ್ಲ!"

ಗಣಿತದಲ್ಲಿ ತಪ್ಪಿಲ್ಲ, ನಿರ್ಣಯದಲ್ಲಿ ತಪ್ಪಿದೆ. ಅದು ಎಲ್ಲಿ ಎಂಬುದನ್ನು ನೋಡೋಣ.

ಔಷಧಿ ಇರುವುದೆಲ್ಲಿ?

ಮೆಥೊಟ್ರೆಕ್ಸೇಟ್ ರಚನೆಯಲ್ಲಿ ಫೋಲಿಕ್ ಆಮ್ಲವನ್ನು ಹೋಲುವ ಸಂಯುಕ್ತ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ನಡೆದ ಸಂಶೋಧನೆಯ ಫಲ ಅದು. ಮೊದಲು ಕ್ಯಾನ್ಸರ್ ಚಿಕಿತ್ಸೆಗೆ ಬಂದ ಈ ಔಷಧಿಯನ್ನು ರುಮಟಾಯ್ಡ್ ಸಂಧಿವಾತಕ್ಕೆ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆತದ್ದು 1988ರಲ್ಲಿ.

ರಕ್ತದಿಂದ ಜೀವಕೋಶವನ್ನು ಹೊಕ್ಕ ಮೆಥೊಟ್ರೆಕ್ಸೇಟ್ ಅಣುವಿಗೆ ಗ್ಲುಟಾಮೇಟ್ ಘಟಕಗಳು ಒಂದರ ಹಿಂದೊಂದು ಜೋಡಣೆಯಾಗುತ್ತವೆ. ಹೀಗೆ ಬಾಲ ಬೆಳೆದ ಅಣು ಕೋಶದಿಂದ ಸುಲಭವಾಗಿ ಹೊರಬರಲಾರದು. ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಒಂದು ದಿನ ನುಂಗಿದ ಮಾತ್ರೆ ಏಳು ದಿನವೂ ರೋಗವನ್ನು ಹತೋಟಿಯಲ್ಲಿಡುವುದು ಇದರಿಂದಲೇ. ಯಕೃತ್ತಿನ ಕೋಶಗಳಲ್ಲಿಯೂ ಔಷಧಿ ಹೀಗೆಯೇ ಸಂಗ್ರಹವಾಗುತ್ತದೆ. ಗೆಳೆಯರು ಲೆಕ್ಕ ಹಾಕಿದ್ದು ರಕ್ತದಲ್ಲಿರುವ ಔಷಧಿಯನ್ನು. ಮದ್ಯ ಅದನ್ನು ಸಂಧಿಸುವುದು ಯಕೃತ್ತಿನಲ್ಲಿ.

ಮದ್ಯದ ಲೆಕ್ಕವೇ ಬೇರೆ

ಆಲ್ಕೊಹಾಲಿಗೆ ನಿಶ್ಚಿತ ಅರ್ಧಾಯು ಇಲ್ಲ. ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಅಲ್ಪ ಪ್ರಮಾಣದಲ್ಲಿಯೇ ಪರ್ಯಾಪ್ತವಾಗಿಬಿಡುತ್ತದೆ. ಬಸ್ ನಿಲ್ದಾಣದಲ್ಲಿ ಒಂದೇ ಟಿಕೆಟ್ ಕೌಂಟರ್ ಇದ್ದರೆ ಸಾಲು ಎಷ್ಟೇ ಉದ್ದವಿರಲಿ, ಗಂಟೆಗೆ ಹೊರಬರುವವರ ಸಂಖ್ಯೆ ಅಷ್ಟೇ ಅಲ್ಲವೆ? ಹಾಗೆಯೇ ಇಲ್ಲಿಯೂ. ಸಾಮಾನ್ಯ ತೂಕದ ವಯಸ್ಕರಲ್ಲಿ ಈ ದರ ಗಂಟೆಗೆ ಸುಮಾರು 7 ಗ್ರಾಂ.

ನಮ್ಮಲ್ಲಿ ಮಾರಾಟವಾಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಗಾತ್ರದ ಶೇ. 42.8ರಷ್ಟು ಆಲ್ಕೊಹಾಲ್ ಇರುತ್ತದೆ. 60 ಮಿ.ಲೀ. ಪೆಗ್ಗಿನಲ್ಲಿ 25.7 ಮಿ.ಲೀ.; ಸಾಂದ್ರತೆ 0.79ರಿಂದ ಗುಣಿಸಿದರೆ ಸುಮಾರು 20 ಗ್ರಾಂ. ಇದು ಖಾಲಿಯಾಗಲು ಮೂರು ಗಂಟೆ ಬೇಕು. 180 ಮಿ.ಲೀ. ಕ್ವಾರ್ಟರಿನಲ್ಲಿರುವುದು ಸುಮಾರು 61 ಗ್ರಾಂ. ಅದಕ್ಕೆ ಒಂಬತ್ತು ಗಂಟೆ. ಶನಿವಾರ ರಾತ್ರಿ ಅಷ್ಟು ಕುಡಿದವರು ಭಾನುವಾರ ಬೆಳಗಿನ ಮಾತ್ರೆಯನ್ನು ಆಲ್ಕೊಹಾಲಿನ ಶೇಷದೊಂದಿಗೇ ನುಂಗಬಹುದು.

ಸುರಕ್ಷಿತ ಮಿತಿ ಉಂಟೆ?

ಬ್ರಿಟನ್ನಿನಲ್ಲಿ ಮೆಥೊಟ್ರೆಕ್ಸೇಟ್ ಸೇವಿಸುತ್ತಿದ್ದ 11,000ಕ್ಕೂ ಹೆಚ್ಚು ರುಮಟಾಯ್ಡ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವಗಳನ್ನು ಅದು ಸೂಚಕವಾಗಿ ಬಳಸಿತ್ತು. ವಾರಕ್ಕೆ 14 ಯೂನಿಟ್‌ಗಿಂತ ಕಡಿಮೆ ಕುಡಿಯುವವರಲ್ಲಿ ಅಪಾಯ ಹೆಚ್ಚಿದಂತೆ ಕಾಣಲಿಲ್ಲ; 21 ಯೂನಿಟ್ ಮೀರಿದವರಲ್ಲಿ ಅದು ಸ್ಪಷ್ಟವಾಗಿ ಹೆಚ್ಚಿತ್ತು.

ಅಲ್ಲಿನ ಒಂದು ಯೂನಿಟ್ ಎಂದರೆ 8 ಗ್ರಾಂ. ಆದ್ದರಿಂದ 14 ಯೂನಿಟ್ ಎಂದರೆ 112 ಗ್ರಾಂ, ಅಂದರೆ ಇಡೀ ವಾರಕ್ಕೆ ಐದೂವರೆ ಪೆಗ್. ಎರಡು ಕ್ವಾರ್ಟರ್ ಕುಡಿದರೆ ಮಿತಿ ದಾಟಿತು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ. ಮೂರು ಬಾಟಲಿಗೂ ಮಿತಿ ದಾಟಿತು. "ಬಿಯರ್ ಏನೂ ಮಾಡದು" ಎಂಬ ಮಾತಿಗೆ ಆಧಾರವಿಲ್ಲ.

ಈ ಮಿತಿಯನ್ನು ಅಪ್ಪಣೆಯೆಂದು ತಿಳಿಯಬಾರದು. ಸ್ಥೂಲಕಾಯ, ಮಧುಮೇಹ, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರ ಯಕೃತ್ತು ಮೊದಲೇ ಬಳಲಿರುತ್ತದೆ. ಅವರಿಗೆ ಈ ಮಿತಿ ಅನ್ವಯಿಸದು. ಮದ್ಯಪಾನಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇತರ ಔಷಧಿಗಳು

ಐಬುಪ್ರೊಫೆನ್, ಡೈಕ್ಲೊಫೆನಾಕ್, ನಾಪ್ರೊಕ್ಸೆನ್ ಮುಂತಾದ ನೋವುನಿವಾರಕಗಳು ಪ್ರೋಸ್ಟಗ್ಲಾಂಡಿನ್‌ಗಳ ಉತ್ಪಾದನೆಯನ್ನು ತಡೆಯುತ್ತವೆ. ಜಠರದ ಲೋಳೆಪೊರೆಯನ್ನು ಕಾಯುವುದೂ ಇವೇ ಪ್ರೋಸ್ಟಗ್ಲಾಂಡಿನ್‌ಗಳು. ರಕ್ಷಣೆ ತಪ್ಪಿದ ಜಠರಕ್ಕೆ ಮದ್ಯವೂ ಬಿದ್ದರೆ ಹುಣ್ಣು, ರಕ್ತಸ್ರಾವಗಳ ಸಂಭವ ಹೆಚ್ಚು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ಯಾರಾಸಿಟಮಾಲಿನ ಒಂದಂಶ ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಾಥಯಾನ್ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ದಿನನಿತ್ಯ ಅತಿಯಾಗಿ ಕುಡಿಯುವವರಲ್ಲಿ ವಿಷ ಹೆಚ್ಚು ಹುಟ್ಟುತ್ತದೆ, ಗ್ಲುಟಾಥಯಾನ್ ಕಡಿಮೆಯಿರುತ್ತದೆ. ಲೆಫ್ಲುನೊಮೈಡ್ ಸೇವಿಸುವವರು ಮದ್ಯವನ್ನು ತ್ಯಜಿಸುವುದೇ ಒಳಿತು. ಅದರ ಸಕ್ರಿಯ ರೂಪದ ಅರ್ಧಾಯು ಸುಮಾರು ಎರಡು ವಾರ. ಹೈಡ್ರಾಕ್ಸಿಕ್ಲೊರೊಕ್ವಿನ್ ಅದಕ್ಕಿಂತಲೂ ದೀರ್ಘಕಾಲ ದೇಹದಲ್ಲಿದ್ದರೂ ಮದ್ಯದೊಡನೆ ಅಂಥ ತೀವ್ರ ತೊಡಕು ತರದು. ಹಾಗಾಗಿ ಔಷಧಿ ಎಷ್ಟು ಕಾಲ ಉಳಿಯುತ್ತದೆ ಎಂಬುದಷ್ಟೇ ಸಾಲದು. ಯಾವ ಅಂಗದ ಮೇಲೆ ಹೊರೆ ಹೊರಿಸುತ್ತದೆ ಎಂಬುದನ್ನೂ ನೋಡಬೇಕು.

ವೈದ್ಯರಿಗೆ ಹೇಳಬೇಕಾದದ್ದು

ಕುಡಿತದ ವಿಷಯವನ್ನು ವೈದ್ಯರ ಮುಂದೆ ಹೇಳಲು ನಮ್ಮಲ್ಲಿ ಸಂಕೋಚ ಹೆಚ್ಚು. ಕೇಳಿದರೆ "ಯಾವಾಗಲೋ ಸ್ವಲ್ಪ" ಎಂಬ ಉತ್ತರ ಬರುತ್ತದೆ. ಅದರಿಂದ ವೈದ್ಯರಿಗೆ ಪ್ರಯೋಜನವಿಲ್ಲ. ಯಾವ ಪಾನೀಯ, ಶೇಕಡಾ ಎಷ್ಟು, ವಾರಕ್ಕೆ ಎಷ್ಟು ಮಿಲಿಲೀಟರ್ ಎಂದು ಹೇಳಬೇಕು. ಯಕೃತ್ತಿನ ರಕ್ತಪರೀಕ್ಷೆಯನ್ನು ತಪ್ಪಿಸಬಾರದು; ಹಾನಿಯ ಆರಂಭದಲ್ಲಿ ನೋವಾಗಲಿ ಕಾಮಾಲೆಯಾಗಲಿ ಕಾಣದೆ ಇರಬಹುದು. ಕುಡಿಯುವ ಸಲುವಾಗಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕೀಲುಗಳು ಹಾಳಾಗುತ್ತವೆ. ಇನ್ನೊಂದು ಎಚ್ಚರಿಕೆ: ವಾರಕ್ಕೊಮ್ಮೆ ಎಂದು ಬರೆದುಕೊಟ್ಟ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಮುಂದಿನ ಭೇಟಿಯಲ್ಲಿ ನನ್ನ ಗೆಳೆಯರು ವೈದ್ಯರಿಗೆ ಎಲ್ಲವನ್ನೂ ಮಿಲಿಲೀಟರಿನಲ್ಲಿಯೇ ಹೇಳಿದರು. ವೈದ್ಯರು ಮೊದಲು ಬರೆದುಕೊಟ್ಟದ್ದು ರಕ್ತಪರೀಕ್ಷೆಯನ್ನು. ಅದರ ಫಲಿತಾಂಶ ಬರುವವರೆಗೆ ಶನಿವಾರದ ವಿಸ್ಕಿ ನಿಂತಿದೆ.