ಜೈಲಿನ ಒಂದು ಹಾಸಿಗೆಗೆ ದಿನಕ್ಕೆ ಎಷ್ಟು?

ಪ್ರೊಬೇಷನ್ ಎಂದರೆ ನಮಗೆ ನೆನಪಾಗುವುದು ಸರ್ಕಾರಿ ನೌಕರಿಯ ಮೊದಲ ಎರಡು ವರ್ಷ. ನ್ಯಾಯಾಲಯದ ಪ್ರೊಬೇಷನ್ ಬೇರೆ. ತಪ್ಪು ಸಾಬೀತಾದವನನ್ನು ಜೈಲಿಗೆ ಕಳಿಸದೆ, ಕೆಲವು ಷರತ್ತು ಹಾಕಿ, ಅಧಿಕಾರಿಯೊಬ್ಬರ ನಿಗಾದಲ್ಲಿ ಮನೆಯಲ್ಲೇ ಇರಲು ಬಿಡುವುದು. ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮಿ, "ಜಮಾನತ್ ಹೈ ನಾ?" ಎಂದರು. ಅಲ್ಲ. ಜಾಮೀನು ತೀರ್ಪಿಗೆ ಮೊದಲು ಸಿಗುತ್ತದೆ, ಪ್ರೊಬೇಷನ್ ತೀರ್ಪಿನ ನಂತರ.

ಅಮೆರಿಕದಲ್ಲಿ ಈ ಷರತ್ತುಗಳು ಬಹಳ. ಹೇಳಿದ ದಿನ ಅಧಿಕಾರಿಯನ್ನು ಕಾಣಬೇಕು, ಪ್ರತಿ ತಿಂಗಳು ಶುಲ್ಕ ಕಟ್ಟಬೇಕು, ಅನುಮತಿಯಿಲ್ಲದೆ ರಾಜ್ಯ ದಾಟಬಾರದು. ಇಂಥದ್ದೊಂದು ತಪ್ಪಿದರೆ ಅದು 'ತಾಂತ್ರಿಕ ಉಲ್ಲಂಘನೆ'. ಹೊಸ ಅಪರಾಧ ಏನೂ ನಡೆದಿರುವುದಿಲ್ಲ. ಆದರೂ ನ್ಯಾಯಾಧೀಶರು ಪ್ರೊಬೇಷನ್ ರದ್ದು ಮಾಡಿ ಜೈಲಿಗೆ ಕಳಿಸಬಹುದು.

ಲೂಸಿಯಾನಾ ರಾಜ್ಯ 2007ರಲ್ಲಿ ಇದಕ್ಕೆ ಮಿತಿ ಹಾಕಿತು. ಹಿಂಸೆ ಮತ್ತು ಲೈಂಗಿಕ ಅಪರಾಧಗಳನ್ನು ಬಿಟ್ಟು ಬೇರೆ ಪ್ರಕರಣಗಳಲ್ಲಿ ಮೊದಲ ತಾಂತ್ರಿಕ ಉಲ್ಲಂಘನೆಗೆ ಗರಿಷ್ಠ 90 ದಿನ ಜೈಲು. ಪ್ಯೂ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥವರ ಜೈಲುವಾಸ ಸರಾಸರಿ 281 ದಿನ ಕಡಿಮೆಯಾಯಿತು. ವರ್ಷಕ್ಕೆ 2,034 ಹಾಸಿಗೆಗಳೂ 1.76 ಕೋಟಿ ಡಾಲರೂ ಉಳಿದವು.

ವಾಣಿಜ್ಯ ಓದುವವರು ಇಂಥ ಅಂಕಿಯನ್ನು ಹಾಗೇ ಒಪ್ಪಬಾರದು. ಜೈಲಿನ ಕಟ್ಟಡ, ಕಾವಲುಗಾರರ ಸಂಬಳ ಎಲ್ಲವೂ ಸ್ಥಿರ ವೆಚ್ಚ. ಹತ್ತು ಕೈದಿಗಳು ಕಡಿಮೆಯಾದರೆ ಊಟ, ಔಷಧಿಯ ಖರ್ಚು ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ಸರಾಸರಿ ವೆಚ್ಚದಿಂದ ಗುಣಿಸಿದರೆ ಉಳಿತಾಯ ದೊಡ್ಡದಾಗಿ ಕಾಣುತ್ತದೆ, ನಿಜವಾಗಿ ಉಳಿಯುವುದು ಸೀಮಾಂತ ವೆಚ್ಚ ಮಾತ್ರ.

ಅದಕ್ಕೇ ನಾನು ಕ್ಯಾಲ್ಕುಲೇಟರ್ ಹಿಡಿದು ಭಾಗಿಸಿದೆ. ಒಂದು ಹಾಸಿಗೆಗೆ ದಿನಕ್ಕೆ ಬಂದದ್ದು ಸುಮಾರು 24 ಡಾಲರ್. ಅಮೆರಿಕದಲ್ಲಿ ಇಷ್ಟು ಅಗ್ಗವೇ? ಕಾರಣ ಇದೆ. ಲೂಸಿಯಾನಾದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಇದ್ದದ್ದು ಸ್ಥಳೀಯ ಶೆರಿಫ್‌ಗಳು ನಡೆಸುವ ಜೈಲುಗಳಲ್ಲಿ. ರಾಜ್ಯವು ಶೆರಿಫ್‌ಗೆ ತಲೆಗೆ ಇಷ್ಟು ಎಂದು ದಿನದ ಲೆಕ್ಕದಲ್ಲಿ ಹಣ ಕೊಡುತ್ತದೆ. ಬಹಳ ವರ್ಷ ಆ ದರ 24.39 ಡಾಲರ್ ಇತ್ತು. ಅಂದರೆ ರಾಜ್ಯಕ್ಕೆ ಇದು ಬದಲಾಗುವ ವೆಚ್ಚ: ಕೈದಿ ಹೊರಟ ದಿನವೇ ಬಿಲ್ ನಿಲ್ಲುತ್ತದೆ. ಒಬ್ಬನಿಂದ 281 ದಿನಕ್ಕೆ ಸುಮಾರು 6,850 ಡಾಲರ್ ಉಳಿತಾಯ, ಅದೂ ನಗದಾಗಿ. ಆದರೆ ಶೆರಿಫ್‌ನ ಪುಸ್ತಕದಲ್ಲಿ ಅದೇ ಮೊತ್ತ ಆದಾಯ. ಹಾಸಿಗೆ ಖಾಲಿಯಾದರೂ ಸಿಬ್ಬಂದಿಗೆ ಸಂಬಳ ಕೊಡಲೇಬೇಕು. ರಾಜ್ಯದ ಜಮೆ ಶೆರಿಫ್‌ಗೆ ಖರ್ಚಾಗಿ ಕೂರುತ್ತದೆ.

ಭಯ ಹೋದರೆ ಅಪರಾಧ ಹೆಚ್ಚುತ್ತದೆ, ಆ ನಷ್ಟ ಜನರ ಮೇಲೆ ಬೀಳುತ್ತದೆ ಎನ್ನುವವರೂ ಇದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಕಳ್ಳತನವಾದ ಮನೆಯ ನಷ್ಟ ಸರ್ಕಾರದ ಲೆಕ್ಕಪುಸ್ತಕಕ್ಕೆ ಬರುವುದೇ ಇಲ್ಲ. ಆದರೆ ಅದೇ ಅಧ್ಯಯನದಲ್ಲಿ, ಹೊಸ ಅಪರಾಧಕ್ಕಾಗಿ ಮತ್ತೆ ಜೈಲು ಸೇರಿದವರು ಶೇ. 7.9ರಿಂದ ಶೇ. 6.2ಕ್ಕೆ ಇಳಿದರು. ಇದು ಕಾನೂನಿಗೆ ಮುಂಚಿನ ಮತ್ತು ನಂತರದ ಹೋಲಿಕೆ, ಆದ್ದರಿಂದ ಇಳಿಕೆಯ ಪೂರ್ತಿ ಶ್ರೇಯ ಕಾನೂನಿಗೇ ಸಲ್ಲದು. ಹೆದರಿದ ಏರಿಕೆಯಂತೂ ಕಾಣಲಿಲ್ಲ. ಒಂಬತ್ತು ತಿಂಗಳು ಹೆಚ್ಚು ಒಳಗಿದ್ದವನ ಕೆಲಸ, ಬಾಡಿಗೆ ಮನೆ, ಮಕ್ಕಳ ಖರ್ಚು ಏನಾಗುತ್ತದೆ ಎಂಬ ಲೆಕ್ಕ ಮೇಲಿನ ಯಾವ ಅಂಕಿಯಲ್ಲೂ ಇಲ್ಲ. ನನ್ನ ಪ್ರಕಾರ ದೊಡ್ಡ ಮೊತ್ತ ಅದೇ.

ನಮ್ಮಲ್ಲೂ 1958ರ ಪ್ರೊಬೇಷನ್ ಕಾಯ್ದೆ ಇದೆ. ಅದರ 9ನೇ ಕಲಮಿನಂತೆ ಮೊದಲ ಸಲ ಷರತ್ತು ಮುರಿದವನಿಗೆ ನ್ಯಾಯಾಲಯ ಮುಚ್ಚಳಿಕೆಯನ್ನು ಹಾಗೇ ಮುಂದುವರಿಸಿ, 50 ರೂಪಾಯಿ ಮೀರದ ದಂಡ ಹಾಕಬಹುದು.