ಮಿರ್ಚಿಯ ಮೇಲೆ ಗುಮಾನಿ, ಗುಳಿಗೆಗೆ ಮಾಫಿ

ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಉಪಕೇಂದ್ರ. ಬೋರ್ಡಿನ ಮೇಲೆ ಈಗ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದಿದೆ. ಒಳಗೆ ಕೂತ ಸಮುದಾಯ ಆರೋಗ್ಯ ಅಧಿಕಾರಿ ನರ್ಸಿಂಗ್ ಓದಿದ ಹುಡುಗಿ, ಊರಿಗೆಲ್ಲ ಆಕೆ ಸಿಸ್ಟರ್. ಭತ್ತದ ನಾಟಿಗೆ ಹೋಗುವ ಹೆಂಗಸೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದು ಕೂತರು.

“ಮೂರು ವಾರದಿಂದ ಗ್ಯಾಸ್ ನೋಡ್ರಿ ಸಿಸ್ಟರ್. ಖಾರ ಬಿಟ್ಟೀನಿ, ಆದ್ರೂ ಉರಿ ನಿಂತಿಲ್ಲ.”

“ಖಾರದ ಮಾತು ಆಮ್ಯಾಲೆ ಯಮ್ಮಾ. ಮೈಕೈ ನೋವಿಗೆ ಏನು ನುಂಗ್ತೀರಿ?”

ಸೆರಗಿನ ಗಂಟು ಬಿಚ್ಚಿದಾಗ ಅರ್ಧ ಖಾಲಿಯಾದ ಗುಳಿಗೆ ಪಟ್ಟಿ ಹೊರಬಂತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಬಹಳಷ್ಟು ಸಲ ಬರಿಹೊಟ್ಟೆಗೆ. ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಂತ ಸೊಂಟಕ್ಕೆ ಅದೇ ಆಸರೆ. ಸಿಸ್ಟರ್ ಮುಂದಿನ ಪ್ರಶ್ನೆ ಕೇಳುವಾಗ ದನಿ ತಗ್ಗಿಸಿದರು: ಸಂಡಾಸು ಯಾವ ಬಣ್ಣ? ಕರ್ರಗೆ. ರಕ್ತ ಹೆಚ್ಚಾಗಲಿ ಅಂತ ಕಬ್ಬಿಣದ ಗುಳಿಗೆ ಏನಾದರೂ ಕೊಟ್ಟಿದ್ದಾರಾ? ಇಲ್ಲ. ಡಾಂಬರಿನ ಹಾಗೆ ಅಂಟಂಟು, ಕೆಟ್ಟ ವಾಸನೆ? ಹೌದು.

ಕೊನೆಯ ಈ ಎರಡು ಪ್ರಶ್ನೆಗಳ ನಡುವೆ ಇರುವ ವಿವೇಕಕ್ಕೆ ನಾನು ಮಾರುಹೋದೆ. ಕಬ್ಬಿಣದ ಗುಳಿಗೆ ತಿಂದವರ ಮಲವೂ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಡಾಂಬರಿನಂತೆ ಅಂಟಿಕೊಳ್ಳುವ ಕಪ್ಪು ಎಂದರೆ ಜಠರದಲ್ಲೋ ಸಣ್ಣ ಕರುಳಿನ ಮೊದಲ ಭಾಗದಲ್ಲೋ ರಕ್ತ ಸೋರುತ್ತಿರಬಹುದು. ಸಿಸ್ಟರ್ ಕಣ್ಣಿನ ಕೆಳರೆಪ್ಪೆ ಎಳೆದು ಬಿಳಚಿದ್ದನ್ನು ನೋಡಿದರು, ನಾಡಿ ಎಣಿಸಿದರು, ಬಿಪಿ ನೋಡಿದರು. ಗುಳಿಗೆ ನಿಲ್ಲಿಸಲು ಹೇಳಿ, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು, “ನಾಳೆ ಅನ್ನಬ್ಯಾಡ್ರಿ, ಇವತ್ತೇ ಹೋಗ್ರಿ” ಎಂದರು. ಅಸಿಡಿಟಿ ಗುಳಿಗೆ ಕೊಟ್ಟು ಕಳಿಸಿದ್ದರೆ ಆ ಹೆಂಗಸು ಮರುದಿನ ಮತ್ತೆ ಗದ್ದೆಯಲ್ಲಿರುತ್ತಿದ್ದರು.

ಬಳ್ಳಾರಿ ಸೀಮೆಯಲ್ಲಿ ಹೊಟ್ಟೆ ಕೆಟ್ಟರೆ ಮೊದಲ ಬೈಗುಳ ಮಿರ್ಚಿಗೆ. ಮೆಣಸಿನಕಾಯಿ ಬೆಳೆಯುವ ಕುರುಗೋಡಿನವರೂ ಅದನ್ನೇ ದೂರುತ್ತಾರೆ. ಸಂಜೆಯ ಒಗ್ಗರಣೆ-ಮಿರ್ಚಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ನನಗೆ ಈ ಆರೋಪ ಸರಿಕಾಣುವುದಿಲ್ಲ, ಸಾಕ್ಷಿಯೂ ನನ್ನ ಕಡೆಗಿದೆ. 1988ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಹನ್ನೆರಡು ಮಂದಿ ಆರೋಗ್ಯವಂತರಿಗೆ ಬೇರೆ ಬೇರೆ ದಿನ ಸಪ್ಪೆ ಊಟ, ಖಾರದ ಊಟ, ಸಪ್ಪೆ ಊಟದ ಜೊತೆ ಆಸ್ಪಿರಿನ್ ಕೊಟ್ಟು, ಎಂಡೋಸ್ಕೋಪಿ ಕೊಳವೆ ಇಳಿಸಿ ಜಠರವನ್ನು ನೋಡಿದರು. ಖಾರದ ಊಟದಿಂದ ಗಾಯ ಕಾಣಲಿಲ್ಲ. ಆಸ್ಪಿರಿನ್ ತಿಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ಜಠರದ ಒಳಪೊರೆಯೂ ಅಲ್ಲಲ್ಲಿ ಕಿತ್ತುಹೋಗಿತ್ತು. ಅಷ್ಟಕ್ಕೇ ಬಿಡದೆ 30 ಗ್ರಾಂ ಮೆಣಸಿನಕಾಯಿ ಅರೆದು ನೇರ ಜಠರಕ್ಕೇ ಹಾಕಿದರು. ಆಗಲೂ ಕಣ್ಣಿಗೆ ಕಾಣುವ ಗಾಯವಾಗಲಿಲ್ಲ! ಸಿಂಗಪುರದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಹುಣ್ಣಿನ ರೋಗಿಗಳು ಉಳಿದವರಿಗಿಂತ ಕಡಿಮೆ ಮೆಣಸಿನಕಾಯಿ ತಿನ್ನುವವರಾಗಿದ್ದರು.

ಹುಣ್ಣಿನ ನಿಜವಾದ ಕಾರಣಗಳು ಮುಖ್ಯವಾಗಿ ಎರಡು: ಆಸ್ಪಿರಿನ್‌ನಂಥ ನೋವಿನ ಗುಳಿಗೆ ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾದಿಂದ ಹುಣ್ಣಾಗುತ್ತದೆ ಎಂಬುದನ್ನು ಹೆಚ್ಚಿನವರು ನಂಬದಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಸಂಗಡಿಗ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು.

ಹಾಗಂತ ಮಿರ್ಚಿ ಪೂರ್ತಿ ನಿರಪರಾಧಿಯಲ್ಲ. ಹುಳಿತೇಗು, ಎದೆಯುರಿ ಮೊದಲೇ ಇದ್ದವರಿಗೆ ಖಾರ ಉರಿಯನ್ನು ಹೆಚ್ಚಿಸುತ್ತದೆ. ಎಣ್ಣೆಯಲ್ಲಿ ಕರಿದದ್ದು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ತಿಂದ ಕೂಡಲೇ ಮಲಗಬಾರದು. ಇನ್ನು ಮಲಬದ್ಧತೆ: ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ತಟ್ಟೆಯಲ್ಲಿ ಜೋಳದ ರೊಟ್ಟಿ ಕುಗ್ಗಿ ಬಿಳಿ ಅನ್ನ ಹಿಗ್ಗಿತು. ನಾರು ಕಡಿಮೆ, ಬಿಸಿಲಿಗೆ ನೀರೂ ಕಡಿಮೆ, ಮತ್ತೇನಾದೀತು?

ಮಕ್ಕಳ ಭೇದಿಯಲ್ಲಿ ಮಾತ್ರ ತಾಳ್ಮೆಗೆ ಜಾಗವಿಲ್ಲ. ಸಿಸ್ಟರ್ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡುತ್ತಾರೆ. ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಂತರೆ, ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ ಆಸ್ಪತ್ರೆಯೇ ಗತಿ. ಉಳಿದ ಮಕ್ಕಳಿಗೆ ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೇ ಬೀಳಬೇಕು, ಲೋಟಕ್ಕೆ ಒಂದು ಚಿಟಿಕೆ ಹಾಕುವುದಲ್ಲ. ಆರು ತಿಂಗಳು ದಾಟಿದ ಮಗುವಿಗೆ ಜಿಂಕ್ 20 ಮಿಲಿಗ್ರಾಂ, ಭೇದಿ ನಿಂತರೂ ಹದಿನಾಲ್ಕು ದಿನ. ಎದೆಹಾಲು ನಿಲ್ಲಿಸಬಾರದು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನೊಬಿಸ್ ಈ ಉಪ್ಪು-ಸಕ್ಕರೆ ನೀರಿನಿಂದಲೇ ಸಾವು ತಗ್ಗಿಸಿದ್ದರು. ಪಕ್ಕದ ರಾಯಚೂರಿನಲ್ಲಿ 2022ರಲ್ಲಿ ನಲ್ಲಿ ನೀರು ಕೆಟ್ಟು ಜನ ಸತ್ತರು; ಆ ಪಾಠವನ್ನು ನಮ್ಮ ಸ್ಥಳೀಯ ಸಂಸ್ಥೆಗಳು ಮರೆಯಬಾರದು.

ಸಿಸ್ಟರ್‌ಗೆ ಎಲ್ಲಕ್ಕಿಂತ ಭಯ ಎದೆಯಲ್ಲಿ ಬರುವ ‘ಗ್ಯಾಸ್’ ಕಂಡರೆ. ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರು ಕಟ್ಟುವುದು ಇದ್ದರೆ ಅದು ಹೃದಯಾಘಾತ ಆಗಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಕಾಣದೆಯೂ ಇರಬಹುದು. ಸೋಡಾ ಕುಡಿದು, ಜೀರಿಗೆ ಅಗಿದು ಕಾಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಮೊದಲು ಇಸಿಜಿ ತೆಗೆಸಿ. ಗ್ಯಾಸ್ ಎಂದು ಆಮೇಲೆ ಗೊತ್ತಾದರೆ ನಷ್ಟವೇನಿಲ್ಲ.